ಪಟ್ಟಿ, ಡಬ್ಬಿ, ಕೂಪನ್

1
ಗಣಪತಿ ಹಬ್ಬಕ್ಕೆ ತಿಂಗಳಿರುವಾಗಲೇ ದಾವಣಗೆರೆಯ ಅಂಗಡಿ ಬೀದಿಗಳಲ್ಲಿ ರಸೀದಿ ಪುಸ್ತಕ ಕಾಣಿಸಿಕೊಳ್ಳುತ್ತದೆ. ನಾಲ್ಕೈದು ಹುಡುಗರು. ಒಬ್ಬನ ಕೈಯಲ್ಲಿ ಪುಸ್ತಕ, ಇನ್ನೊಬ್ಬನ ಕಿವಿಯ ಮೇಲೆ ಪೆನ್ನು, ಮತ್ತೊಬ್ಬ ಮಾತಾಡುವವನು. ಉಳಿದವರು ಅಂಗಡಿಯ ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಅದೇ ಅವರ ಕೆಲಸ.

2
ಮಾತಾಡುವವನು ಇಷ್ಟು ಕೊಡಿ ಎಂದು ಕೇಳುವುದಿಲ್ಲ. ಪುಸ್ತಕ ಬಿಡಿಸಿ ಹಿಂದಿನ ರಸೀದಿಯ ಕಾರ್ಬನ್ ಪ್ರತಿ ತೋರಿಸುತ್ತಾನೆ.
‘ಪಕ್ಕದ ಅಂಗಡಿಯೋರು ಸಾವಿರದೊಂದು ಬರೆಸ್ಯಾರೆ ಅಣ್ಣಾ.’
‘ಅವರ ವ್ಯಾಪಾರ ಬ್ಯಾರೆ, ನಮ್ಮದು ಬ್ಯಾರೆ. ಐನೂರೊಂದು ಬರಕೋ.’
ಬರೆದುಕೊಂಡರು. ‘ವಂದನೆಗಳೊಂದಿಗೆ ಸ್ವೀಕರಿಸಲಾಗಿದೆ’ ಎಂಬುದು ಮೊದಲೇ ಅಚ್ಚಾಗಿತ್ತು. ಖಜಾಂಚಿಯ ಸಹಿಯ ಜಾಗದಲ್ಲಿ ಪೆನ್ನಿನವನೇ ಸಹಿ ಹಾಕಿದ.

3
ಇದಕ್ಕೆ ಪಟ್ಟಿ ಎತ್ತುವುದು ಎನ್ನುತ್ತಾರೆ. ಗಣಪತಿಗೆ ಎತ್ತುತ್ತಾರೆ, ರಾಜ್ಯೋತ್ಸವಕ್ಕೆ ಎತ್ತುತ್ತಾರೆ, ನಟನ ಹುಟ್ಟುಹಬ್ಬದ ಅನ್ನಸಂತರ್ಪಣೆಗೂ ಎತ್ತುತ್ತಾರೆ. ಯಾರಿಗೂ ಯಾರೂ ಕಲಿಸಿದ್ದಲ್ಲ.

4
ಅದೇ ಬೀದಿ, ಅದೇ ವಯಸ್ಸಿನ ಹುಡುಗರು, ಚುನಾವಣೆಯ ಏಪ್ರಿಲ್. ಬೈಕ್ ರ‍್ಯಾಲಿ. ಈಗ ಕೈಯಲ್ಲಿ ಪೆಟ್ರೋಲ್ ಕೂಪನ್. ಅದರ ಮೇಲೆ ಪಕ್ಷದ ಹೆಸರಿಲ್ಲ, ಚಿಹ್ನೆಯಿಲ್ಲ. ಒಂದು ನಂಬರು, ಒಂದು ಸೀಲು. ಬಂಕಿನವನು ಅದನ್ನು ತಿರುಗಿಸಿ ನೋಡಿ ಜೇಬಿನ ರಬ್ಬರ್ ಬ್ಯಾಂಡಿನ ಕಟ್ಟಿಗೆ ಸೇರಿಸಿ, ಪೈಪು ಎತ್ತಿಕೊಳ್ಳುತ್ತಾನೆ.

5
ಪಟ್ಟಿಯ ಮೊತ್ತದ ಕೊನೆಗೆ ಯಾವಾಗಲೂ ಒಂದು ರೂಪಾಯಿ ಇರುತ್ತದೆ. ಕೂಪನ್ನಿನಲ್ಲಿ ಇರುವುದಿಲ್ಲ.

6
ವಿಧಾನಸಭೆ ಅಭ್ಯರ್ಥಿ ಖರ್ಚು ಮಾಡಬಹುದಾದ್ದು 40 ಲಕ್ಷ ರೂಪಾಯಿ, ಲೋಕಸಭೆಗೆ 95 ಲಕ್ಷ. 2022ರ ಜನವರಿಯಲ್ಲಿ ನಿಗದಿಯಾದ ಮಿತಿ. ಅಭ್ಯರ್ಥಿ ಚುನಾವಣೆಗೆಂದೇ ಬೇರೆ ಬ್ಯಾಂಕ್ ಖಾತೆ ತೆರೆಯಬೇಕು. ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಒಪ್ಪಿಸಬೇಕು. ಚಹಾ, ಕುರ್ಚಿ, ಶಾಮಿಯಾನ, ಹೂವಿನ ಹಾರ, ಪ್ರತಿಯೊಂದಕ್ಕೂ ಜಿಲ್ಲಾ ಚುನಾವಣಾಧಿಕಾರಿ ದರಪಟ್ಟಿ ಮಾಡಿಡುತ್ತಾರೆ. ಗಣಪತಿಗೆ ಇಂಥ ದರಪಟ್ಟಿ ಇಲ್ಲ. ಆದರೂ ವಿಸರ್ಜನೆಯ ಮರುವಾರ ಕೆಲವು ಕಡೆ ಜಮಾ–ಖರ್ಚಿನ ಹಾಳೆ ಗೋಡೆಗೆ ಅಂಟಿರುತ್ತದೆ. ಡಿಜೆ ಬಾಬ್ತು ಎಲ್ಲಕ್ಕಿಂತ ಮೇಲೆ.

7
1934ರ ಮಾರ್ಚ್ ಮೊದಲ ದಿನಗಳಲ್ಲಿ ಗಾಂಧೀಜಿ ಹರಿಜನ ಪ್ರವಾಸದ ಮೇಲೆ ಈ ದಾರಿಯಲ್ಲಿ ಬಂದರು. ದಾವಣಗೆರೆ, ಹರಿಹರ ಎರಡೂ ಊರು. ಅವರು ಕೂಡಿಸುತ್ತಿದ್ದದ್ದು ಚುನಾವಣೆಯ ನಿಧಿಯಲ್ಲ, ಹರಿಜನ ನಿಧಿ. ಆ ಪ್ರವಾಸದಲ್ಲಿ ಅವರು ತಮಗೆ ಕೊಟ್ಟ ಕಾಣಿಕೆಯನ್ನು ಅದೇ ವೇದಿಕೆಯ ಮೇಲೆ ಹರಾಜು ಹಾಕುತ್ತಿದ್ದರು. ಹಾರ, ಬೆಳ್ಳಿಯ ಕರಂಡಕ, ಬಿನ್ನವತ್ತಳೆಯ ಚೌಕಟ್ಟು. ಹಸ್ತಾಕ್ಷರಕ್ಕೆ 5 ರೂಪಾಯಿ. ಕೇಳಿ ಬಂದವರಲ್ಲಿ ವಿದ್ಯಾರ್ಥಿಗಳೂ ಇದ್ದರು. ರಿಯಾಯಿತಿ ಇರಲಿಲ್ಲ.

8
ಅದೇ ವರ್ಷ ಜನವರಿಯಲ್ಲಿ ಕೇರಳದ ವಡಕರದ ಸಭೆಯಲ್ಲಿ ಕೌಮುದಿ ಎಂಬ ಹುಡುಗಿ ಹಸ್ತಾಕ್ಷರ ಕೇಳಲು ಹೋಗಿ ಬಳೆ, ಸರ, ಓಲೆ ಎಲ್ಲ ಬಿಚ್ಚಿಕೊಟ್ಟಳು. ಮತ್ತೆ ಒಡವೆ ಹಾಕಿಕೊಳ್ಳುವುದಿಲ್ಲ ಎಂದಳು. ಗಾಂಧೀಜಿ ಅದರ ಮೇಲೆ ಒಂದು ಲೇಖನ ಬರೆದರು.

9
1952, ಸಾಗರ–ಹೊಸನಗರ ಕ್ಷೇತ್ರ. ಸೋಷಲಿಸ್ಟ್ ಪಕ್ಷದ ಶಾಂತವೇರಿ ಗೋಪಾಲಗೌಡರು ನಿಂತರು. ಹುಟ್ಟಿದ್ದು 1923ರಲ್ಲಿ, ಮೂವತ್ತು ತುಂಬಿರಲಿಲ್ಲ. ಹಿಂದಿನ ವರ್ಷ ಗೇಣಿದಾರರ ಕಾಗೋಡು ಸತ್ಯಾಗ್ರಹ ನಡೆದಿತ್ತು. ಕೈಯಲ್ಲಿ ಹಣವಿರಲಿಲ್ಲ. ‘ಒಂದು ವೋಟು, ಒಂದು ನೋಟು’ ಎಂದು ಕೇಳಿದರು. ಕೊಡುವವರು ಬಹುಪಾಲು ಗೇಣಿದಾರರು. ಗೆದ್ದರು.

10
ನೋಟು ಎಂದರೆ ಒಂದು ರೂಪಾಯಿಯ ನೋಟು.

11
ಈ ಘೋಷಣೆಯನ್ನು ಇವತ್ತಿನ ಹುಡುಗರ ಮುಂದೆ ಹೇಳಿ ನೋಡಿ. ದಾವಣಗೆರೆಯ ಹೋಟೆಲೊಂದರ ಹೊರಗೆ ಬೆಣ್ಣೆ ದೋಸೆಗೆ ಸರದಿ ಕಾಯುತ್ತಿದ್ದ ಎಂಜಿನಿಯರಿಂಗ್ ಹುಡುಗ ಕೇಳಿಸಿಕೊಂಡು, ‘ಒಂದು ವೋಟಿಗೆ ಒಂದೇ ನೋಟಾ ಸರ್? ಎಷ್ಟರದ್ದು?’ ಎಂದ. ತಮಾಷೆ ಮಾಡುತ್ತಿರಲಿಲ್ಲ.

12
ಜೆ.ಎಚ್. ಪಟೇಲರು ಗೋಪಾಲಗೌಡರ ಬಳಗದವರು. ಊರು ಚನ್ನಗಿರಿ ತಾಲ್ಲೂಕಿನ ಕಾರಿಗನೂರು. 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತಾಡಿದರು. ಮುಖ್ಯಮಂತ್ರಿಯಾಗಿದ್ದಾಗ, 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಮಾಡಿದರು. ಚನ್ನಗಿರಿ ಶಿವಮೊಗ್ಗದಿಂದ ಇತ್ತ ಬಂತು. ನೋಟು–ವೋಟಿನ ರಾಜಕಾರಣ ನೋಡಿ ಬೆಳೆದವರೊಬ್ಬರು ಮಾಡಿದ ಜಿಲ್ಲೆ ಇದು ಎಂಬುದನ್ನು ಬರೆದಿಟ್ಟುಕೊಂಡೆ. ಯಾಕೆಂದು ಗೊತ್ತಿಲ್ಲ.

13
ದಾವಣಗೆರೆಯಲ್ಲಿ ಹತ್ತಿ ಗಿರಣಿಗಳಿದ್ದ ಕಾಲ. ಸಿಪಿಐನ ಪಂಪಾಪತಿ ಇಲ್ಲಿಂದ 1978, 1983, 1985, ಮೂರು ಸಲ ವಿಧಾನಸಭೆಗೆ ಹೋದರು. ಗಿರಣಿ ಕಾರ್ಮಿಕರ ನಾಯಕ. ಎಡಪಕ್ಷಗಳದ್ದು ಡಬ್ಬಿಯ ಪದ್ಧತಿ: ಮುಚ್ಚಳಕ್ಕೆ ಸೀಳು, ಮೈಗೆ ಕೆಂಪು ಕಾಗದ. ಪುಡಿಗಾಸು ಬಿದ್ದರೆ ಸದ್ದು, ನೋಟು ಬಿದ್ದರೆ ಇಲ್ಲ.

14
1994ರಲ್ಲಿ ಅದೇ ಕ್ಷೇತ್ರದಿಂದ ಗೆದ್ದವರು ಶಾಮನೂರು ಶಿವಶಂಕರಪ್ಪ. ಊರಿನವರ ಬಾಯಲ್ಲಿ ಎಸ್ಸೆಸ್. ವ್ಯಾಪಾರ, ಸಕ್ಕರೆ ಕಾರ್ಖಾನೆ, ಬಾಪೂಜಿ ವಿದ್ಯಾಸಂಸ್ಥೆ. ಬಹುಕಾಲ ರಾಜ್ಯ ಕಾಂಗ್ರೆಸ್ಸಿನ, ಅಂದರೆ ಕೆಪಿಸಿಸಿಯ, ಖಜಾಂಚಿ. 2023ರಲ್ಲಿ ದಾವಣಗೆರೆ ದಕ್ಷಿಣದಿಂದ ಮತ್ತೆ ಗೆದ್ದಾಗ ತೊಂಬತ್ತು ದಾಟಿತ್ತು.

15
ಶಾಸಕನಾಗಲು ಕನಿಷ್ಠ ವಯಸ್ಸು 25. ಮಹಾನಗರ ಪಾಲಿಕೆಗೆ 21. ಮತಕ್ಕೆ 1989ರಿಂದ 18. ಪೆಟ್ರೋಲ್ ಕೂಪನ್ನಿಗೆ ವಯಸ್ಸಿನ ಮಿತಿ ಕಾಣಲಿಲ್ಲ.

16
ಊರಿಗೆ ವಿದ್ಯಾಕಾಶಿ ಎಂಬ ಹೆಸರಿದೆ. ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜು 1951ರದ್ದು, ಜೆಜೆಎಂ ಮೆಡಿಕಲ್ ಕಾಲೇಜು 1965ರದ್ದು, ಬಿಐಇಟಿ 1979ರದ್ದು, ವಿಶ್ವವಿದ್ಯಾಲಯ 2009ರದ್ದು. ಈ ಕ್ಯಾಂಪಸ್ಸುಗಳಲ್ಲಿ ಓದುವವರಲ್ಲಿ ಹೆಚ್ಚಿನವರು ವಿದ್ಯಾರ್ಥಿ ಸಂಘದ ಚುನಾವಣೆ ನೋಡಿಲ್ಲ. ರಾಜ್ಯದ ಕಾಲೇಜುಗಳಲ್ಲಿ ಅದು ನಿಂತು ಮೂರು ದಶಕದ ಮೇಲಾಯಿತು. ‘ಫೆಸ್ಟ್’ ಇದೆ. ಫೆಸ್ಟಿಗೆ ಸ್ಪಾನ್ಸರ್ ಹುಡುಕುವ ಸಮಿತಿ ಇದೆ. ಆ ಸಮಿತಿಯ ಹುಡುಗಿಯೊಬ್ಬಳು ಬಟ್ಟೆ ಅಂಗಡಿ, ಬೈಕ್ ಶೋರೂಂ, ಕೋಚಿಂಗ್ ಸೆಂಟರು ಎಂದು ಪಟ್ಟಿ ಮಾಡಿಕೊಂಡು ಒಂದು ವಾರ ಓಡಾಡಿದಳು. ಅಂಗಡಿಯವರ ಜೊತೆ ಅವಳಾಡಿದ ಮಾತು ಕೇಳಿದರೆ ಯಾವ ಪಕ್ಷವಾದರೂ ಅವಳನ್ನು ಖಜಾಂಚಿ ಮಾಡಬೇಕು. ಯಾವ ಪಕ್ಷ ಇಷ್ಟ ಎಂದು ಕೇಳಿದ್ದಕ್ಕೆ, ‘ಪಾಲಿಟಿಕ್ಸಾ? ಅಪ್ಪಾಜಿ ಬೈತಾರೆ’ ಎಂದಳು.

17
ಮಂಡಕ್ಕಿ–ಮೆಣಸಿನಕಾಯಿ ತಿಂದ ನಾಲ್ವರು ಹುಡುಗರು ಬಿಲ್ಲು ಹಂಚಿಕೊಂಡದ್ದನ್ನು ನೋಡಿದೆ. ಒಬ್ಬ ಕೊಟ್ಟ. ಮೂವರು ಅಲ್ಲೇ ನಿಂತು ತಮ್ಮ ಪಾಲನ್ನು ಫೋನಿನಲ್ಲಿ ಅವನಿಗೆ ಕಳಿಸಿದರು. ಒಬ್ಬ ಎರಡು ಮೆಣಸಿನಕಾಯಿ ಹೆಚ್ಚು ತಿಂದಿದ್ದ, ಅದನ್ನು ಸೇರಿಸಿ ಕಳಿಸಿದ. ‘ನಿಮಗೆ ಹಿಡಿಸಿದ ಕ್ಯಾಂಡಿಡೇಟ್ ಇದ್ದರೆ ಹೀಗೇ ಐವತ್ತು ರೂಪಾಯಿ ಕಳಿಸ್ತೀರೇನಪ್ಪ?’
‘ನಾವ್ಯಾಕೆ ಕಳಿಸಬೇಕು ಸರ್? ಅವರತ್ರ ಐತಲ್ಲ.’
‘ಇಲ್ಲದವರು ನಿಂತರೆ?’
ಸ್ವಲ್ಪ ಹೊತ್ತು ಯೋಚಿಸಿದರು. ‘ಇಲ್ಲದೋರು ಯಾಕೆ ನಿಲ್ತಾರೆ?’

18
2022ರ ನವೆಂಬರ್. ಮುಂದಿನ ವಿಧಾನಸಭೆ ಚುನಾವಣೆಗೆ ಟಿಕೆಟ್ ಬೇಕಾದವರಿಂದ ಕೆಪಿಸಿಸಿ ಅರ್ಜಿ ಕರೆಯಿತು. ಅರ್ಜಿಗೆ 5,000 ರೂಪಾಯಿ. ಜೊತೆಗೆ ಸಾಮಾನ್ಯ ವರ್ಗದವರು 2 ಲಕ್ಷದ ಡಿ.ಡಿ., ಪರಿಶಿಷ್ಟರು 1 ಲಕ್ಷದ್ದು. ಸಾವಿರಕ್ಕೂ ಹೆಚ್ಚು ಅರ್ಜಿ ಬಂದವು. ಕ್ಷೇತ್ರ ಇರುವುದು 224. ಟಿಕೆಟ್ ಸಿಕ್ಕ ಮೇಲೆ ಸಾಮಾನ್ಯ ವರ್ಗದವರು ಸರ್ಕಾರಕ್ಕೆ ಕಟ್ಟಬೇಕಾದ ಠೇವಣಿ 10,000.

19
2021ರ ಡಿಸೆಂಬರಿನಲ್ಲಿ ಬಿಜೆಪಿ ನಮೋ ಆ್ಯಪ್ ಮೂಲಕ 5 ರೂಪಾಯಿಯಿಂದ 1,000 ರೂಪಾಯಿವರೆಗಿನ ಕಿರುದೇಣಿಗೆ ಕೇಳಿತು. 2023ರ ಡಿಸೆಂಬರಿನಲ್ಲಿ ಕಾಂಗ್ರೆಸ್ ತನ್ನ 138 ವರ್ಷದ ಲೆಕ್ಕದಲ್ಲಿ 138, 1,380, 13,800 ಎಂದು ಕೇಳಿತು. 138 ರೂಪಾಯಿ ಕೊಟ್ಟವರನ್ನು ನಾನು ಹುಡುಕುತ್ತಿದ್ದೇನೆ. ಸಿಕ್ಕವರೆಲ್ಲ 138 ಯಾಕೆ ಎಂದು ನನ್ನನ್ನೇ ಕೇಳುತ್ತಾರೆ.

20
2014ರ ಮಾರ್ಚ್, ಬೆಂಗಳೂರು. ಅರವಿಂದ ಕೇಜ್ರಿವಾಲರ ಜೊತೆ ರಾತ್ರಿ ಊಟ, ತಲೆಗೆ 20,000 ರೂಪಾಯಿ. ಆಮ್ ಆದ್ಮಿ ಪಕ್ಷದ ಚುನಾವಣಾ ನಿಧಿಗೆ. ಇನ್ನೊಂದು 5,000 ಸೇರಿಸಿದ್ದರೆ ಲೋಕಸಭೆಗೆ ತಾವೇ ಠೇವಣಿ ಕಟ್ಟಬಹುದಿತ್ತು.

21
ಅಮೆರಿಕದಲ್ಲಿ 2004ರ ಏಪ್ರಿಲ್‌ನ ಒಂದು ಶನಿವಾರ ಮೂವ್‌ಆನ್ ಎಂಬ ಸಂಘಟನೆಯವರು ಊರೂರಲ್ಲಿ ಮೇಜು ಹಾಕಿ ಮನೆಯಲ್ಲಿ ಮಾಡಿದ ಕೇಕು, ಬಿಸ್ಕತ್ತು ಮಾರಿ ಚುನಾವಣೆಗೆ ದುಡ್ಡು ಕೂಡಿಸಿದರು. ಇಲ್ಲಿ ಮಹಿಳಾ ಮಂಡಳಿಯೊಂದರ ಅಧ್ಯಕ್ಷೆಗೆ ಇದನ್ನು ಹೇಳಿದೆ. ‘ನಾವೂ ಖಾರಮಂಡಕ್ಕಿ ಮಾಡಿ ಮಾರಬಹುದು. ಆದರೆ ಎಲೆಕ್ಷನ್ ಅಂದಕೂಡಲೇ ಪುಕ್ಕಟೆ ಅನ್ಕೊಂಡು ತಿಂದುಹೋಗ್ತಾರೆ’ ಎಂದರು.

22
ದಾವಣಗೆರೆ ನಾಟಕದ ಊರು. ಚಿಂದೋಡಿ ವೀರಪ್ಪನವರ ಕೆಬಿಆರ್ ಕಂಪನಿ ಇಲ್ಲಿನದು. ಮಗಳು ಚಿಂದೋಡಿ ಲೀಲಾ. ‘ಪೊಲೀಸನ ಮಗಳು’ ಎಂದರೆ ಈಗಲೂ ಹಿರಿಯರು ತಲೆ ಎತ್ತುತ್ತಾರೆ. ಕಂಪನಿ ನಾಟಕಗಳಿಗೆ ಸಹಾಯಾರ್ಥ ಪ್ರದರ್ಶನ ಎಂಬುದಿತ್ತು. ಒಂದು ರಾತ್ರಿಯ ಗಲ್ಲಾ ಶಾಲೆಯ ಕಟ್ಟಡಕ್ಕೆ, ಗುಡಿಗೆ, ಕಾಯಿಲೆ ಬಿದ್ದ ಕಲಾವಿದನಿಗೆ. ಟಿಕೆಟ್ ಮಾರುವ ಹೊಣೆ ಊರಿನ ಹುಡುಗರದ್ದು. ಅಭ್ಯರ್ಥಿಯ ಸಹಾಯಾರ್ಥ ನಾಟಕವಾಡಿಸಿದ್ದು ನೆನಪಿದೆಯೇ ಎಂದು ಹಿರಿಯ ನಟರೊಬ್ಬರನ್ನು ಕೇಳಿದೆ. ‘ಅಭ್ಯರ್ಥಿಗಳು ನಾಟಕ ಉದ್ಘಾಟನೆಗೆ ಬರ್ತಿದ್ರು. ಪಾಸ್ ಕೇಳ್ತಿದ್ರು’ ಎಂದರು.

23
ಟೆನಿಸ್ ಬಾಲ್ ಕ್ರಿಕೆಟ್. ಹೈಸ್ಕೂಲ್ ಮೈದಾನ, ರಾತ್ರಿ ಹೊತ್ತು, ದೀಪದ ಬೆಳಕು. ಕಪ್ಪಿಗೆ ನಾಯಕರ ಹೆಸರು. ತಂಡಗಳು ಎಂಟ್ರಿ ಫೀ ಕಟ್ಟುತ್ತವೆ, ಬಹುಮಾನದ ಹಣ ನಾಯಕರು ಕೊಡುತ್ತಾರೆ. ಕಾಮೆಂಟರಿಯವನು ಸಿಕ್ಸರ್ ಹೊಡೆದವನ ಹೆಸರಿಗಿಂತ ದಾನಿಗಳ ಹೆಸರನ್ನು ಹೆಚ್ಚು ಸಲ ಹೇಳುತ್ತಾನೆ.

24
ಮದುವೆ ಮನೆಯಲ್ಲಿ ಮುಯ್ಯಿ ಬರೆಯುವವರಿಗೆ ಬೇರೆ ಮೇಜು. ಗೆರೆ ಹಾಕಿದ ನೋಟ್‌ಬುಕ್ಕು: ಹೆಸರು, ಊರು, ಮೊತ್ತ. ನಾಳೆ ಅವರ ಮನೆಯ ಮದುವೆಗೆ ಅದನ್ನು ತೆರೆದು ನೋಡಿ ಅಷ್ಟಕ್ಕೆ ಕಡಿಮೆಯಿಲ್ಲದಂತೆ ಕೊಡಬೇಕು. ನಾಯಕರು ಮಾಡಿಸುವ ಸಾಮೂಹಿಕ ವಿವಾಹದಲ್ಲಿ ಈ ಮೇಜು ಇರುವುದಿಲ್ಲ. ಲೆಕ್ಕ ಬೇರೆಲ್ಲೋ ಇರಬೇಕು.

25
2024ರ ಮೇ 7, ದಾವಣಗೆರೆ ಲೋಕಸಭೆ. ಕಾಂಗ್ರೆಸ್ಸಿನಿಂದ ಪ್ರಭಾ ಮಲ್ಲಿಕಾರ್ಜುನ್: ಎಸ್ಸೆಸ್ ಸೊಸೆ, ಸಚಿವ ಎಸ್.ಎಸ್. ಮಲ್ಲಿಕಾರ್ಜುನರ ಪತ್ನಿ. ಬಿಜೆಪಿಯಿಂದ ಗಾಯತ್ರಿ ಸಿದ್ದೇಶ್ವರ: 2004ರಿಂದ ಸಂಸದರಾಗಿದ್ದ ಜಿ.ಎಂ. ಸಿದ್ದೇಶ್ವರರ ಪತ್ನಿ. ಪಕ್ಷೇತರರಾಗಿ ಜಿ.ಬಿ. ವಿನಯ್ ಕುಮಾರ್: ಕಕ್ಕರಗೊಳ್ಳದವರು, ಬೆಂಗಳೂರಿನಲ್ಲಿ ಐಎಎಸ್ ಕೋಚಿಂಗ್ ಸಂಸ್ಥೆ ಕಟ್ಟಿದವರು. ಕಾಂಗ್ರೆಸ್ ಟಿಕೆಟ್ ಕೇಳಿದ್ದರು, ಸಿಗಲಿಲ್ಲ. ಹಳ್ಳಿ ಹಳ್ಳಿಗೆ ಪಾದಯಾತ್ರೆ ಮಾಡಿದರು. ಅವರ ಹಿಂದೆ ನಡೆದವರಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ವಯಸ್ಸಿನವರು ಬಹಳ.

26
ಪ್ರಭಾ ಮಲ್ಲಿಕಾರ್ಜುನ್ ಗೆದ್ದ ಅಂತರ ಸುಮಾರು 26,000. ವಿನಯ್ ಕುಮಾರ್ ಪಡೆದ ಮತ ಸುಮಾರು 43,000. ಠೇವಣಿ ಉಳಿಯಬೇಕಾದರೆ ಸಿಂಧುವಾದ ಮತದಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬೇಕು. ಉಳಿಯಲಿಲ್ಲ.

27
ಅವರಿಗೆ ಮತ ಹಾಕಿದೆ ಎಂದ ಗ್ರಂಥಾಲಯದ ಹುಡುಗನೊಬ್ಬನಿಗೆ, ಹಣವನ್ನೂ ಕೊಟ್ಟೆಯಾ ಎಂದು ಕೇಳಿದೆ. ಕೋಚಿಂಗಿಗೆ ಫೀಸು ಕಟ್ಟಿದ್ದೆ ಎಂದ. ಯಾವ ಕೋಚಿಂಗಿಗೆ ಎಂದು ಹೇಳಲಿಲ್ಲ, ಪುಸ್ತಕಕ್ಕೆ ತಲೆ ಬಗ್ಗಿಸಿದ.

28
ಯಾದಗಿರಿ, 2023ರ ಏಪ್ರಿಲ್. ಯಂಕಪ್ಪ ಎಂಬ ಪಕ್ಷೇತರ ಯುವಕ ಕ್ಷೇತ್ರದ ಮತದಾರರಿಂದ ಒಂದೊಂದು ರೂಪಾಯಿಯ ನಾಣ್ಯ ಕೂಡಿಸಿ, 10,000 ನಾಣ್ಯ ತಂದು ಚುನಾವಣಾಧಿಕಾರಿಯ ಮೇಜಿನ ಮೇಲೆ ಸುರಿದರು. ಠೇವಣಿ. ಸಿಬ್ಬಂದಿ ಕೂತು ಎಣಿಸಿದರು. ಎಣಿಸಲು ಎರಡು ಗಂಟೆ ಹಿಡಿಯಿತೆಂದು ಪತ್ರಿಕೆಗಳು ಬರೆದವು.

29
2011ರ ಮಾದರಿಯ ಒಂದು ರೂಪಾಯಿ ನಾಣ್ಯ 3.79 ಗ್ರಾಂ. ಹತ್ತು ಸಾವಿರಕ್ಕೆ ಸುಮಾರು 38 ಕಿಲೋ. ಹಳೆಯ ನಾಣ್ಯಗಳು ಇನ್ನೂ ಭಾರ.

30
2011ರ ನಾಣ್ಯ ಕಾಯ್ದೆಯ ಪ್ರಕಾರ ರೂಪಾಯಿ ನಾಣ್ಯಗಳನ್ನು ಒಂದು ಸಲಕ್ಕೆ 1,000 ರೂಪಾಯಿವರೆಗೆ ಮಾತ್ರ ತೆಗೆದುಕೊಳ್ಳಲೇಬೇಕು. ಅದರಾಚೆಗೆ ಬೇಡ ಎನ್ನಬಹುದು. ಯಾದಗಿರಿಯಲ್ಲಿ ಬೇಡ ಎನ್ನಲಿಲ್ಲ.

31
ಹರಿಹರ. ಹರಿಹರೇಶ್ವರನ ವಿಗ್ರಹದಲ್ಲಿ ಅರ್ಧ ಶಿವ, ಅರ್ಧ ವಿಷ್ಣು. ನಾಮಪತ್ರ ಸಲ್ಲಿಸುವ ಮುನ್ನ ಎಲ್ಲ ಪಕ್ಷದವರೂ ಕೈ ಮುಗಿಯುತ್ತಾರೆ. ಗೆದ್ದದ್ದು 2008ರಲ್ಲಿ ಬಿಜೆಪಿ, 2013ರಲ್ಲಿ ಜೆಡಿಎಸ್, 2018ರಲ್ಲಿ ಕಾಂಗ್ರೆಸ್, 2023ರಲ್ಲಿ ಮತ್ತೆ ಬಿಜೆಪಿ. ಇಲ್ಲಿ ದೇವರಿಗೂ ಮತದಾರನಿಗೂ ಒಂದೇ ಕಡೆ ನಿಲ್ಲುವ ಅಭ್ಯಾಸವಿಲ್ಲ.

32
ಹರಿಹರದ ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿದೆ. ತುಂಗಭದ್ರೆಯ ಆಚೆ ದಡದಲ್ಲಿ, ಕುಮಾರಪಟ್ಟಣದಲ್ಲಿ, ಪಾಲಿಫೈಬರ್ಸ್ ನಡೆಯುತ್ತಿದೆ. ಅದು ಹಾವೇರಿ ಜಿಲ್ಲೆ, ರಾಣೆಬೆನ್ನೂರು ತಾಲ್ಲೂಕು. ಕೆಲಸ ಆಚೆ ದಡದಲ್ಲಿ, ವೋಟು ಈಚೆ ದಡದಲ್ಲಿ ಇರುವವರು ಹರಿಹರದಲ್ಲಿ ಸಾಕಷ್ಟು. ಅವರಲ್ಲೊಬ್ಬರು ಹೇಳಿದ್ದು: ‘ಯೂನಿಯನ್ನಿಗೆ ವಂತಿಗೆ ಕೊಡ್ತೀವಿ. ಅದು ನಮ್ಮದು. ಪಾರ್ಟಿ ಅವರದ್ದು.’

33
ಯುವ ಕಾಂಗ್ರೆಸ್ಸಿನಲ್ಲಿ ಪದಾಧಿಕಾರಿಗಳನ್ನು ಸದಸ್ಯರೇ ಮೊಬೈಲ್ ಆ್ಯಪ್‌ನಲ್ಲಿ ಮತ ಹಾಕಿ ಆರಿಸುತ್ತಾರೆ. ವಯಸ್ಸು 18ರಿಂದ 35. ಸದಸ್ಯನಾಗಲು ಶುಲ್ಕ ಕಟ್ಟಬೇಕು. ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಒಬ್ಬ ಇನ್ನೊಬ್ಬನ ಫೋನು ಇಸಿದುಕೊಂಡು ಅವನನ್ನು ಸದಸ್ಯನಾಗಿ ಮಾಡುತ್ತಿದ್ದ. ಶುಲ್ಕವನ್ನು ತನ್ನ ಫೋನಿನಿಂದ ಕಟ್ಟಿದ. ಸದಸ್ಯನಾದವನು ಅಷ್ಟು ಹೊತ್ತೂ ಬನ್ನು ತಿನ್ನುತ್ತಿದ್ದ.

34
2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆ. ರಾಜ್ಯದ ಕೆಲವು ಹಳ್ಳಿಗಳಲ್ಲಿ ಸದಸ್ಯ ಸ್ಥಾನವನ್ನು ಸವಾಲು ಹಾಕಿದರು. ಹೆಚ್ಚು ಕೂಗಿದವನು ಅವಿರೋಧ. ಬಂದ ಹಣ ಗುಡಿಗೆ, ಊರಿನ ಕೆಲಸಕ್ಕೆ. ರಾಜ್ಯ ಚುನಾವಣಾ ಆಯೋಗ ಕ್ರಿಮಿನಲ್ ಮೊಕದ್ದಮೆಯ ಎಚ್ಚರಿಕೆ ಕೊಟ್ಟಿತು. ಗಣಪತಿಯ ಹಾರ, ಲಾಡು, ಹಣ್ಣಿನ ಬುಟ್ಟಿಯ ಸವಾಲು ಪ್ರತಿ ವರ್ಷ ನಡೆಯುತ್ತದೆ. ಅದಕ್ಕೆ ಎಚ್ಚರಿಕೆ ಇಲ್ಲ.

35
ದಾವಣಗೆರೆ ಮಹಾನಗರ ಪಾಲಿಕೆಗೆ 45 ವಾರ್ಡು. ಅದರಲ್ಲೊಂದರಿಂದ ಮುಂದಿನ ಸಲ ನಿಲ್ಲುತ್ತೇನೆ ಎನ್ನುವ ಇಪ್ಪತ್ಮೂರರ ಹುಡುಗನ ಪರಿಚಯವಾಯಿತು. ಎರಡು ವರ್ಷ ಗಣಪತಿ ಪಟ್ಟಿಗೆ ಮುಂದಾಳಾಗಿದ್ದವನು. ಫೋನಿನಲ್ಲಿ ಒಂದು ಟಿಪ್ಪಣಿ ತೋರಿಸಿದ. ಖರ್ಚು ಎಂಬ ತಲೆಬರಹದ ಕೆಳಗೆ: ರಕ್ತದಾನ ಶಿಬಿರ, ಬ್ಯಾಡ್ಮಿಂಟನ್ ಟೂರ್ನಿ, ಫ್ಲೆಕ್ಸ್, ಅಜ್ಜಿಯಂದಿರಿಗೆ ಕಣ್ಣಿನ ತಪಾಸಣೆ, ಟೀ–ಶರ್ಟ್, ಮತ್ತೆ ಫ್ಲೆಕ್ಸ್. ಪ್ರತಿಯೊಂದರ ಎದುರೂ ಮೊತ್ತ. ಜಮಾ ಎಂಬ ತಲೆಬರಹದ ಕೆಳಗೆ ಒಂದೇ ಸಾಲು: ‘ಮಾಮ’.

36
ಮಾಮ ಚನ್ನಗಿರಿಯ ಅಡಿಕೆ ವ್ಯಾಪಾರಿ. ಅವರಿಗೆ ಇನ್ನೂ ಹೇಳಿಲ್ಲವಂತೆ.